ಉಪ್ಪಿನ ಕೆರಿ ದಂಡಿಗೆ ಅಣ್ಣ ಅಂಗಿ ಬಿಚ್ಚಿದ್ದು

ನಮ್ಮ ಅಣ್ಣನ ಬೆನ್ನ ನಾ ಭಾಳ ವರ್ಷ ನೋಡಿದ್ದಿಲ್ಲ. ಇರೂದು ಒಂದ ಮನ್ಯಾಗ. ಮಿರಜ ಸ್ಟೇಶನ್ನಿನ ಹಿಂದಿನ ಗಲ್ಲ್ಯಾಗ ಎರಡ ಖೋಲಿ ಅವಂದು, ಎರಡ ನಂದು, ನಡುವ ಅಂಗಳ, ಅಂಗಳದಾಗ ಒಂದ ನಳ. ಮೇ ತಿಂಗಳದಾಗ ಗಲ್ಲಿ ಗಂಡಸ್ರೆಲ್ಲಾ ಬನಿಯನ್ ಮ್ಯಾಲ, ಕೆಲವ್ರು ಅದೂ ಇಲ್ಲದ, ಕಟ್ಟಿಮ್ಯಾಲ ಗಾಳಿಗೆ ಕುಂತಿರ್ತಾರ. ಅಣ್ಣ ಮಾತ್ರ ತುಂಬತೋಳಿನ ಅಂಗಿ ಹಾಕ್ಕೊಂಡು, ಕೊಳ್ಳಾಗಿನ ಗುಂಡಿ ಸೈತ ಹಚ್ಕೊಂಡು ಕುಂದರ್ತಿದ್ದಾ. ಜಳಕಾ ಮಾಡೂಮುಂದ ಬಾಗಲಾ ಹಾಕಿ, ಬಾಗಲ ಸಂದಿಗೆ ಒಂದ ಟವೆಲ್ ತುರಕತಿದ್ದಾ. ವೈನಿಗೂ, ಅಂದ್ರ ಅವನ ಹೆಂಡತಿಗೂ, ಬೆನ್ನಿಗೆ ಎಣ್ಣಿ ಹಚ್ಚಾಕ ಕೊಡ್ತಿದ್ದಿಲ್ಲ.

ಅವಂಗ ಸೋರಿಯಾಸಿಸ್ ಐತಿ. ಮೈಮ್ಯಾಲ ಕೆಂಪ ಕಲೆ ಏಳ್ತಾವ, ಅವುಗಳ ಮ್ಯಾಲ ಬೆಳ್ಳಗ ಪದರ ಪದರ ಹೊಟ್ಟ ಬರತೈತಿ, ಕೆರದ್ರ ರಕ್ತ. ಒಬ್ರಿಂದ ಒಬ್ರಿಗೆ ಹತ್ತೂ ಜಡ್ಡಲ್ಲ ಅದು. ಮಿರಜದಾಗ ಯಾವ ಡಾಕ್ಟರನ್ನ ಕೇಳಿದ್ರೂ ಹಂಗ ಹೇಳ್ತಾರ. ಮಂದಿಗೆ ಮಾತ್ರ ಅದನ್ನ ತಿಳಿಸಿ ಹೇಳಾವ್ರು ಯಾರೂ ಇಲ್ಲ.

ಮೊದಲ ಹಿಂಗ ಇದ್ದಿಲ್ಲ. ಅಣ್ಣ ಹರಿಪುರದ ಸಂಗಮದಾಗ ದಿನಾ ಮುಂಜಾನೆ ಈಸಾಂವ. ಕೃಷ್ಣಾ ವಾರಣಾ ಕೂಡೂ ಜಾಗಾ ಅದು, ಸೆಳವು ಜೋರ ಇರತೈತಿ. ನಂಗ ಈಸ ಕಲಿಸಿದಾಂವನೂ ಅವನ. ಮೊದಲ ದಿನಾನ ಹೇಳಿದ್ದಾ, ನೀರಾಗ ಕಾಲ ಇಡೂಕಿಂತ ಮೊದಲ ಬಗ್ಗಿ ಬೊಗಸಿ ತುಂಬ ನೀರ ತಗೋಬೇಕು, ಎರಡೂ ಕಣ್ಣಿಗೆ ಹಚ್ಕೋಬೇಕು, ಒಂದ ಗುಟುಕ ಕುಡೀಬೇಕು, ಕೃಷ್ಣಾಮಾಯಿ ಅನಬೇಕು, ಆಮ್ಯಾಲ ಕಾಲ. ನಮ್ಮ ಕಡೆ ನದಿಗೆ ಹೋಗಾವ್ರೆಲ್ಲಾ ಹಿಂಗ ಮಾಡ್ತಾರ. ಒಮ್ಮೆ ನಾ ಮರತು ಸೀದಾ ಜಿಗದಾಗ ಕಿವಿ ಹಿಂಡಿ ದಂಡಿಗೆ ತಂದು ಮತ್ತೊಮ್ಮೆ ಇಳಿಸಿದ್ದಾ.

ಜಡ್ಡ ಕೊಳ್ಳಿನ ತನಕ ಏರಿದ ವರ್ಷ, ಈಸಾಕ ಬರೂ ಗುಂಪಿನಾಗಿನ ಒಬ್ಬ ಹಿರೇ ಮನಷ್ಯಾ, ಸಿಟ್ಟಿಲ್ಲದ, ಭಾಳ ನಮ್ರ ಆಗಿ, ಮರಾಠಿಯಾಗ ಹೇಳಿದಾ. "ತುಮ್ಹೀ ಜರಾ ಖಾಲಚ್ಯಾ ಬಾಜೂಲಾ ಉತರಾ." ನೀವು ಸ್ವಲ್ಪ ಕೆಳಗಿನ ಕಡೆ ಇಳೀರಿ ಅಂತ. ಅಂದ್ರ ನೀರ ನಿಮ್ಮಿಂದ ನಮ್ಮ ಕಡೆ ಹರಿಬಾರದು. ಅಣ್ಣ "ಬರಂ", ಆತು, ಅಂದಾ, ಟವೆಲ್ ಸುತ್ಕೊಂಡಾ, ಮನೀಗೆ ಬಂದಾ. ಮತ್ತ ನದೀಗೆ ಹೋಗಲಿಲ್ಲ.

ಆಮ್ಯಾಲ ಜಡ್ಡ ಕೈಬಳ್ಳಿನ ಸಂದಿಗೆ ಇಳೀತು. ಅವ ಮಾಧವನಗರದಾಗ ಮಗ್ಗದ ಮ್ಯಾಲ ಕೆಲಸಾ ಮಾಡಾಂವ. ಹರಿದ ನೂಲ ಗಂಟ ಹಾಕೂದು ಬಳ್ಳಿನ ಕೆಲಸ. ಬಳ್ಳ ಬಾತು ಮಡಚಲಾರದಂಗ ಆದ್ವು. ಡಾಕ್ಟರ್ ಸಾಫ್ ಹೇಳಿದ್ರು, ಔಷಧ ನಡುವ ಬಿಟ್ರ ಬಳ್ಳ ಹಿಂಗ ಡೊಂಕಾಗಿ ನಿಲ್ತಾವ, ತಿರಗಿ ಸೀದಾ ಆಗೂದಿಲ್ಲ. ಅಣ್ಣ ಬಿಟ್ಟಾ. ಯಾಕಂದ್ರ ದವಾಖಾನ್ಯಾಗ ಪ್ರತಿ ಸಲ ಅಂಗಿ ಬಿಚ್ಚಿಸ್ತಿದ್ರು, ಕಲಿಯೂ ಹುಡುಗ್ರು ಸುತ್ತ ನಿಂತು ನೋಡ್ತಿದ್ರು. "ನಾ ಏನ ಸರ್ಕಸ್ಸಿನ ಪ್ರಾಣಿ ಏನ?" ಅಂತಿದ್ದಾ.

ನಾ ಸಾಂಗ್ಲಿ ಮಾರ್ಕೆಟ್ ಯಾರ್ಡಿನಾಗ ಅರಿಷಿಣದ ಗೋಡೌನಿನ ಹಮಾಲ. ನಮ್ಮಲ್ಲಿಗೆ ಮಾಲ ತುಂಬಾಕ ಬರೂ ಒಬ್ಬ ಲಾರಿ ಡ್ರೈವರ್ ರಾಜಸ್ಥಾನದ ಕಡೆಯಾಂವ. ನನ್ನ ಮುಖಾ ನೋಡಿ ಒಂದ ದಿನಾ ಕೇಳಿದಾ, ನಾ ಹೇಳಿದ್ನಿ. ಅವ ಅಂದಾ, ತಮ್ಮ ಕಡೆ ಮರುಭೂಮಿಯಾಗ ಒಂದ ಉಪ್ಪಿನ ಕೆರಿ ಐತಿ, ಅದರ ಆಚೀ ದಂಡಿಗೆ ಕರೇ ಗುಡ್ಡದ ಕೆಳಗ ಚರ್ಮದ ಜಡ್ಡಿನಾವ್ರು ಬಂದು ಇರ್ತಾರ, ಮೈಮ್ಯಾಲ ಒಂದ ನೂಲ ಸೈತ ಇಲ್ಲದ ಆ ನೀರಾಗ ಮಲಗ್ತಾರ. ಬಟ್ಟಿ ಹಾಕ್ಕೊಂಡ್ರ ಉಪ್ಪ ಒಣಗಿ ಬಟ್ಟಿ ಗರಗಸ ಆಗತೈತಿ. ಅಲ್ಲಿಗೆ ರೋಡ ಇಲ್ಲ, ಕೆರಿ ದಂಡಿ ಹಿಡದು ನಡೀಬೇಕು. ಆ ಊರಿನ ಹೆಸರ ನಾ ಇಲ್ಲಿ ಬರಿಯೂದಿಲ್ಲ. ಮೈ ತಗದು ಕುಂತ ಮಂದಿಗೆ ನೋಡಾವ್ರ ಕಾಟ ಬ್ಯಾಡ.

ಡಾಕ್ಟರನ್ನ ಕೇಳಿದ್ನಿ. ನಕ್ಕಬಿಡ್ತಾರ ಅಂದ್ಕೊಂಡಿದ್ನಿ, ನಗಲಿಲ್ಲ. ಬಿಸಿಲಿಗೆ, ಉಪ್ಪ ನೀರಿಗೆ ಕೆಲವ್ರಿಗೆ ಹಗುರ ಆಗತೈತಿ, ಪೂರ್ತಿ ಹೋಗೂದಲ್ಲ ಅಂದ್ರು. ಸಿಹಿ ನೀರ ಜೋಡಿ ಇರಲಿ, ಭಾಳ ಹೊತ್ತ ಬ್ಯಾಡ, ಕಣ್ಣಾಗ ಒಂದ ಹನಿ ಹೋಗಬಾರದು ಅಂದ್ರು. ವೈನಿ ಎಂಟ ದಿನಾ ಜೀವ ತಿಂದ್ಲು. ಕಡೀಕ ಅಣ್ಣ ಒಪ್ಪಿದಾ, ಆದ್ರ ಒಂದ ಶರತ್ ಹಾಕಿದಾ.

"ಇದೊಂದ ಸಲ. ಅಲ್ಲಿ ಅಂಗಿ ಬಿಚ್ಚಾಕ ಆತಂದ್ರ ದವಾಖಾನೀಗೂ ಹೋಗತೇನಿ. ಆಗಲಿಲ್ಲ ಅಂದ್ರ ತಿರಗಿ ಬರತೇನಿ. ಆಮ್ಯಾಲ ಯಾರೂ ನನ್ನ ಮೈ ಸುದ್ದಿ ತಗೀಬಾರದು. ದವಾಖಾನೀದೂ ಇಲ್ಲ, ಗುಳಿಗೀದೂ ಇಲ್ಲ."

ವೈನಿ ನನ್ನ ಮುಖಾ ನೋಡಿದ್ಲು. ನಾ ನೆಲಾ ನೋಡಿದ್ನಿ. ಅವನ ಬಳ್ಳ ಉಳೀಬೇಕಂದ್ರ ಅವ ಯಾರ ಮುಂದರೆ ಒಮ್ಮೆ ಅಂಗಿ ಬಿಚ್ಚಬೇಕಿತ್ತು. ಅಷ್ಟ ಕೆಲಸ. ಅಷ್ಟಕ್ಕ ನಾವು ಮಿರಜದಿಂದ ರೈಲ ಹತ್ತಿದ್ವಿ.

ರೈಲಿನಾಗ ನಾ ಅವಂಗ ಎಷ್ಟ ಸಲ ಹೇಳಿದ್ನ್ಯೋ, "ಕಣ್ಣ ಸಂಭಾಳಸೋ ಅಣ್ಣಾ, ಕಣ್ಣಿಗೆ ನೀರ ಹತ್ತಿಸಬ್ಯಾಡ." ಕಡೀಕ ಅವ ಅಂದಾ, "ಏ ಗಪ್ಪ ಕೂಡೋ. ಹತ್ತನೇತ್ತಾ ಪಾಸಾದಾಗಿಂದ ಭಾಳ ಶಾಣ್ಯಾ ಆಗ್ಯಾನ ಇವ." ನಾ ಮಕ್ಕಳಾದ ಮ್ಯಾಲ ರಾತ್ರಿ ಸಾಳಿಗೆ ಹೋಗಿ ಪಾಸಾದಾಂವ. ಅವಂಗ ಅದರ ಮ್ಯಾಲ ಚೇಷ್ಟಿ ಮಾಡೂದಂದ್ರ ಭಾಳ ಸೇರತೈತಿ. ನಂಗೂ ಬೇಕಾಗಿತ್ತು ಚೇಷ್ಟಿ. ಚೇಷ್ಟಿ ಮಾಡ್ತಾನ ಅಂದ್ರ ಇನ್ನೂ ತಿರಗಿ ಹೋಗೂ ವಿಚಾರ ಮಾಡಿಲ್ಲ.

ಕಡೀ ಚಾದ ಅಂಗಡಿಗೆ ಬಾಡಿಗಿ ಗಾಡಿ ಬಿಡ್ತು. ಮುಂದ ಬರೇ ನೆಲಾ. ನಾವು ಬಿಸಲ ಊರಾವ್ರ ಅಂತ ತಿಳಕೊಂಡಿದ್ವಿ, ಜತ್ ಕಡೀದ ಬರಡ ನೋಡೀವಿ, ಆದ್ರ ಇಂಥಾ ನೆಲಾ ನೋಡಿದ್ದಿಲ್ಲ. ಒಂದ ಜಾಲಿ ಗಿಡಾ ಇಲ್ಲ. ಎಡಕ್ಕ ಕೆರಿ, ಕೆರಿ ಸುತ್ತ ಉಪ್ಪ ಹೆಪ್ಪಗಟ್ಟಿ ಬೆಳ್ಳಗ, ಕಾಲಿಟ್ರ ಕರಕರ ಅಂತಿತ್ತು. ಅಲ್ಲಲ್ಲೆ ಹೆಪ್ಪಿನ ಕೆಳಗ ಕರೇ ಕೆಸರ. ಅಂಗಡಿಯಾಂವ ಹೇಳಿದ್ದಾ, ಹೆಪ್ಪ ತೆಳ್ಳಗ ಇದ್ದಲ್ಲಿ ಕಾಲ ಇಟ್ರ ಮೊಣಕಾಲ ತನಕ ಹೋಗತೈತಿ, ಒಬ್ಬನ ಇದ್ರ ಹೊರಗ ಬರೂದು ಕಷ್ಟ. ನಾ ಎರಡ ಕ್ಯಾನ ನೀರ ಹೊತ್ತಿದ್ನಿ, ಅಣ್ಣ ಬುತ್ತಿ ಚೀಲಾ ಹೊತ್ತಿದ್ದಾ. ಅವ ಮುಂದ, ನಾ ಹಿಂದ. ಅವನ ಅಂಗಿ ಬೆನ್ನಿಗೆ ಬೆವತು ಹತ್ತಿತ್ತು.

ಬಿಸಲ ಏರಿದಾಗ ಕರೇ ಗುಡ್ಡ ಕಂಡಿತು. ಗುಡ್ಡದ ಕೆಳಗ ದಂಡಿಗೆ ಸಣ್ಣ ಸಣ್ಣ ಮಂದಿ. ಇಷ್ಟ ದೂರದಿಂದನೂ ಗೊತ್ತಾಗ್ತಿತ್ತು, ಅವರ ಮೈಮ್ಯಾಲ ಏನೂ ಇಲ್ಲ. ಕೆಲವ್ರು ನೀರಾಗ, ಕೆಲವ್ರು ಕಲ್ಲ ಮ್ಯಾಲ ಬಿಸಲಿಗೆ ಬೋರಲ ಮಲಗಿದ್ರು.

ಅಣ್ಣ ನಿಂತಬಿಟ್ಟಾ.

"ಇಷ್ಟ ಮಂದಿ ಇರ್ತಾರಂತ ನೀ ಹೇಳಿದ್ದಿಲ್ಲ."

"ಎಲ್ಲಾರೂ ನಿನ್ನಂಗ ಜಡ್ಡಿನಾವ್ರ ಅಣ್ಣಾ."

"ಇರ್ಲಿ. ನಾ ಅವರ ಮುಂದ ಬಿಚ್ಚೂದಿಲ್ಲ. ನಡಿ ಹಿಂದ."

"ಇಷ್ಟ ದೂರ ಬಂದು..."

"ಹೇಳಿದ್ನಿಲ್ಲ, ಆಗಲಿಲ್ಲಂದ್ರ ತಿರಗಿ ಹೋಗೂದಂತ? ಆಗಲಿಲ್ಲ. ಮುಗೀತು."

ಅವ ಚೀಲಾ ಒಂದ ಹೆಗಲಿಂದ ಇನ್ನೊಂದ ಹೆಗಲಿಗೆ ಹಾಕ್ಕೊಂಡು ತಿರಗಿ ನಡ್ಯಾಕ ಹತ್ತಿದಾ. ಅವ ಹಟಮಾರಿ, ಒಮ್ಮೆ ಅಂದದ್ದು ಅಂದದ್ದ. ಈಗ ಆ ಚಾದ ಅಂಗಡಿ ಮುಟ್ಟಿದಾ ಅಂದ್ರ ಅವನ ಬಳ್ಳ ಹೋದ್ವು.

"ಇಲ್ಲಿ ಯಾರೂ ಇಲ್ಲಲ್ಲ," ಅಂದ್ನಿ. "ಇಲ್ಲೇ ಇಳಿಯೂಣ. ಅವರ ಹತ್ರ ಹೋಗೂದ ಬ್ಯಾಡ. ನೀರ ಎಲ್ಲಾ ಕಡೆ ಅದ ನೀರ."

"ನೀ ಇದ್ದಿಯಲ್ಲ."

"ನಾ ತಮ್ಮ."

"ತಮ್ಮಗ ಕಣ್ಣಿಲ್ಲೇನ?"

ಮಾತಿಲೆ ಆಗೂ ಕೆಲಸಲ್ಲ ಅದು. ಕ್ಯಾನ ಕೆಳಗ ಇಟ್ನಿ. ಅಂಗಿ ಬಿಚ್ಚಿದ್ನಿ, ಪ್ಯಾಂಟ ಬಿಚ್ಚಿದ್ನಿ, ಉಳದದ್ದೂ ಬಿಚ್ಚಿದ್ನಿ. ನನ್ನ ಜಲಮದಾಗ ಹಗಲ ಹೊತ್ತಿನ್ಯಾಗ ಬಯಲಾಗ ಹಂಗ ನಿಂತಾಂವಲ್ಲ. ನದ್ಯಾಗ ಸೈತ ಲಂಗೋಟಿ ಬಿಟ್ಟು ಇಳದಾಂವಲ್ಲ. ಕೈ ಎಲ್ಲಿ ಇಡಬೇಕಂತ ತಿಳೀವಲ್ದು. ಕಾಲಾಗ ಮಾತ್ರ ಚಪ್ಪಲ, ಯಾಕಂದ್ರ ಉಪ್ಪ ಕೊಯ್ತಿತ್ತು.

ಅಣ್ಣ ತಿರಗಿ ನೋಡಿದಾ, ಬಾಯಿಮ್ಯಾಲ ಕೈ ಇಟ್ಕೊಂಡಾ. "ಏ ಹುಚ್ಚಾ! ಹೊಟ್ಟಿ ನೋಡ್ಕೋ, ಕುಂಬಳಕಾಯಿ!"

ನಗ್ತಾನ, ಆತು, ಅಂದ್ಕೊಂಡ್ನಿ. ಇನ್ನ ನಾ ನೀರಾಗ ಇಳದ್ರ ಅವ ಹಿಂದ ಬರತಾನ. ಲಗು ಲಗು ದಂಡಿಗೆ ಹೋದ್ನಿ. ಅಣ್ಣ ನೋಡಾಕತ್ತಾನ ಅನ್ನೂದು ಒಂದ ತಲ್ಯಾಗ. ಬಗ್ಗಿದ್ನಿ, ಬೊಗಸಿ ತುಂಬ ನೀರ ತಗೊಂಡ್ನಿ, ಎರಡೂ ಕಣ್ಣಿಗೆ ಹಚ್ಕೊಂಡ್ನಿ, ಒಂದ ಗುಟುಕ ಕುಡದ್ನಿ.

ಸಣ್ಣಾಂವಿದ್ದಾಗಿಂದ ಮಾಡಿದ ಕೈ. ರೈಲಿನಾಗ ನಾನ ಹೇಳಿದ ಮಾತ ಆ ಕೈಗೆ ಕೇಳಿದ್ದಿಲ್ಲ.

ಕಣ್ಣಿಗೆ ಯಾರೋ ಕಾದ ಕಬ್ಬಣ ಇಟ್ಟಂಗ ಆತು. ಗಂಟಲಾಗ ಹೋದ ನೀರ ವಾಂತಿ ಆಗಿ ಬಂತು. ಹಿಂದ ಸರಿಯಾಕ ಹೋಗಿ ಮುಂದ ಬಿದ್ನಿ, ನೀರಾಗ ಮುಖಾನ ಹೋತು. ಆ ನೀರ ಮನಷ್ಯಾನ ಮುಳುಗಿಸೂದಿಲ್ಲ, ಎತ್ತಿ ಒಗೀತೈತಿ, ಕಾಲ ನೆಲಕ್ಕ ಹತ್ತಗೊಡೂದಿಲ್ಲ. ಕಾಲ ಮ್ಯಾಲ, ಮುಖಾ ಕೆಳಗ ಆಗಿ ಒದ್ಯಾಡಿದ್ನಿ. ಒದರ್ಬೇಕಂದ್ರ ಬಾಯಾಗ ಮತ್ತ ಉಪ್ಪ.

ಒಂದ ಕೈ ಬಂದು ನನ್ನ ಕೂದಲಾ ಹಿಡೀತು.

"ಬಾಯಿ ಮುಚ್ಚೋ! ಮುಚ್ಚು! ಕಣ್ಣ ತಿಕ್ಕಬ್ಯಾಡ!"

ಅಣ್ಣ ಅಂಗಿ ಪ್ಯಾಂಟ ಸಮೇತ ನೀರಾಗ ಬಂದಿದ್ದಾ. ನನ್ನ ದಂಡಿಗೆ ಎಳದಾ, ಅಂಗಾತ ಕೆಡವಿ ಎದಿಮ್ಯಾಲ ಮೊಣಕಾಲ ಇಟ್ಟಾ, ಬಾತ ಬಳ್ಳಲೆ ರೆಪ್ಪಿ ಹಿಗ್ಗಿಸಿ ಕ್ಯಾನಿನ ನೀರ ಸುರವಾಕ ಹತ್ತಿದಾ. ನಾ ಒದರಾಡಿದ್ನಿ. ಅವ ಬಿಡಲಿಲ್ಲ. ಒಂದ ಕ್ಯಾನ ಖಾಲಿ ಆದ ಸಪ್ಪಳಾ ಕೇಳಿಸ್ತು, ಮತ್ತ ಎರಡನೇದರ ಬೂಚ ತಗದಾ.

"ಕುಡಿಯಾಕ ಇಡೋ," ಅಂದ್ನಿ.

"ಕಣ್ಣ ಹೋದ ಮ್ಯಾಲ ಕುಡದೇನ ಮಾಡ್ತಿ?"

ಅದನ್ನೂ ಸುರವಿದಾ. ತಳದಾಗ ಸ್ವಲ್ಪ ಉಳೀತು, ನಂಗ ಎರಡ ಗುಟುಕ ಕುಡಿಸಿದಾ. ಅವ ಕುಡದ್ನೋ ಇಲ್ಲೋ ನಂಗ ಕಾಣಲಿಲ್ಲ. ಏನೂ ಕಾಣ್ತಿದ್ದಿಲ್ಲ. ರೆಪ್ಪಿ ತಾವ ಮುಚ್ಕೊಂಡಿದ್ವು, ತಗದ್ರ ಬರೇ ಬಿಳಿ ಉರಿ. ನನ್ನ ಕಣ್ಣ ಹೋದ್ವು ಅಂತ ಖಾತ್ರಿ ಆತು. ಹಮಾಲನ ಕಣ್ಣ ಹೋದ್ರ ಆಯುಷ್ಯ ಹೋದಂಗ. ಅಳಾಕ ಬಂತು, ಅತ್ನಿ.

"ಅಳು," ಅಂದಾ ಅಣ್ಣ. "ಅತ್ರ ಚೊಲೊ, ತೊಳದ ಹೋಗತೈತಿ."

ಆಮ್ಯಾಲ ಅವ ಎದ್ದು ಆ ಕಡೆ ಈ ಕಡೆ ತಿರಗಿದ್ದು ಕೇಳಿಸ್ತು. ನಂಗ ಗೊತ್ತಿತ್ತು ಅವ ಯಾವ ದೂರ ಅಳತಿ ಮಾಡಾಕತ್ತಾನಂತ. ಹಿಂದ ಚಾದ ಅಂಗಡಿ ಮುಂಜಾನಿಂದ ನಡದ ದೂರ. ಮುಂದ ಆ ಬತ್ತಲೆ ಮಂದಿ ಹತ್ರ, ಅಲ್ಲಿ ಸಿಹಿ ನೀರಿನ ಟಾಕಿ ಐತಿ ಅಂತ ಡ್ರೈವರ್ ಹೇಳಿದ್ದಾ.

"ಹಿಂದ ಹೋಗೂಣ ಅಣ್ಣಾ," ನಾನ ಅಂದ್ನಿ. "ನೀ ಅಲ್ಲಿಗೆ ಬರೂದಿಲ್ಲ ಅಂದಿಯಲ್ಲ."

"ಹಿಂದ ಹೋದ್ರ ನಡುವ ಬೀಳ್ತಿ. ಏಳ, ಚೀಲಾ ಕ್ಯಾನ ಇಲ್ಲೇ ಇರ್ಲಿ. ನನ್ನ ಹೆಗಲ ಹಿಡಿ."

ನಾ ಬಟ್ಟಿ ಹಾಕ್ಕೊಳ್ಳಾಕ ಹೋದ್ನಿ, ಆಗಲಿಲ್ಲ. ಮೈಮ್ಯಾಲಿನ ಉಪ್ಪಿಗೆ ಪ್ಯಾಂಟ ತೊಡಿಗೆ ಹತ್ತಿ ಹರಿಯಾಕತ್ತಿತ್ತು. ನಂದ ಮೈ ನೆಟ್ಟಗಿದ್ದದ್ದು, ನಂಗ ಹಿಂಗ. ಅಣ್ಣ ಒಡದ ಚರ್ಮದ ಮ್ಯಾಲ ಅದ ನೀರಾಗ ತೊಯ್ದ ಅಂಗಿ ಪ್ಯಾಂಟ ಹಾಕ್ಕೊಂಡು ನಡ್ಯಾಕತ್ತಿದ್ದಾ. ಬಿಸಲಿಗೆ ಅವು ಲಗೂನ ಒಣಗಿದ್ವು. ಅಂಗಿ ತೋಳ ಅವನ ಬಗಲಿಗೆ ತಿಕ್ಕೂ ಸಪ್ಪಳ ನಂಗ ಕೇಳಿಸ್ತಿತ್ತು, ಚುರುಮರಿ ಚೀಲಾ ಎಳದಂಗ. ಪ್ರತಿ ಹೆಜ್ಜಿಗೆ ಅವ ಹಲ್ಲ ಸಂದ್ಯಾಗ ಉಸರ ಎಳಕೋತಿದ್ದಾ. ಹೆಗಲ ಮ್ಯಾಲಿನ ನನ್ನ ಕೈಗೆ ಏನೋ ಅಂಟಂಟ ಹತ್ತಿತು. ಮೂಸಿ ನೋಡಿದ್ನಿ, ರಕ್ತ.

"ಬಿಚ್ಚೋ ಅಣ್ಣಾ. ಕೈ ಮುಗೀತೇನಿ."

"ನಡಿ."

"ಹಿಂಗ ನಡದ್ರ ಅಲ್ಲಿ ತನಕ ನಿನ್ನ ಮೈಮ್ಯಾಲ ತೊಗಲ ಉಳಿಯೂದಿಲ್ಲ."

ನಡದಾ. ಇನ್ನೊಂದಿಷ್ಟ ಹೋಗಿ ನಿಂತಾ.

"ನಿಂಗೇನೂ ಕಾಣೂದಿಲ್ಲಲ್ಲ?"

"ಏನೂ ಇಲ್ಲ."

"ಖರೇನ?"

"ಅವ್ವನ ಆಣಿ."

"ಎಷ್ಟ ಬಳ್ಳ ಹೇಳ."

"ಅಣ್ಣಾ, ಕೈ ಎಲ್ಲಿ ಐತಿ ಅನ್ನೂದ ಗೊತ್ತಿಲ್ಲ."

ಗುಂಡಿ ಬಿಚ್ಚೂದು ಕೇಳಿಸ್ತು, ತಡಾ ಆತು, ಅವನ ಬಳ್ಳಿಗೆ ಗುಂಡಿ ಲಗೂ ಬರೂದಿಲ್ಲ. ಅಂಗಿ ಚರ್ಮದಿಂದ ಕಿತ್ತಾಗ ಒಂದ ಬೈಗಳಾ ಬೈದಾ. ಪ್ಯಾಂಟನೂ ತಗದಾ. "ಆ ಮಂದಿ ಹತ್ರ ಬಂದಾಗ ಮತ್ತ ಹಾಕ್ಕೋತೇನಿ," ಅಂದಾ. ಇಬ್ಬರ ಬಟ್ಟಿನೂ ಒಂದ ಗಂಟ ಕಟ್ಟಿ ತಲಿಮ್ಯಾಲ ಇಟ್ಕೊಂಡಾ. ಆಮ್ಯಾಲ ನನ್ನ ಕೈ ಹಿಡದು ತಾನ ತನ್ನ ಹೆಗಲ ಮ್ಯಾಲ ಇಟ್ಟಾ.

ಇಷ್ಟ ವರ್ಷದಾಗ ಮೊದಲನೇ ಸಲ ನಾ ಅವನ ಮೈ ಮುಟ್ಟಿದ್ನಿ. ಪಾಲಿಶ್ ಮಾಡೂಕಿಂತ ಮೊದಲ ಅರಿಷಿಣ ಕೊಂಬ ಕೈಗೆ ಹೆಂಗ ಹತ್ತತೈತಿ, ಹಂಗ ಇತ್ತು, ಒರಟ, ಅಲ್ಲಲ್ಲೆ ಬೇರಿನ ಕೂದಲಿದ್ದಂಗ. ಕೆಳಗ ಬಿಸಿ.

"ಎಡಕ್ಕ ಸರಿ, ಹೆಪ್ಪ ತೆಳ್ಳಗ ಐತಿ. ಸರಿ, ಸರಿ. ಈಗ ಸೀದಾ."

ಒಮ್ಮೆ ಸರಿಯೂದು ತಡಾ ಆತು. ನನ್ನ ಬಲಗಾಲ ಹೆಪ್ಪ ಒಡದು ಒಳಗ ಹೋತು, ಮೊಣಕಾಲ ತನಕ. ಕೆಸರ ತಣ್ಣಗಿತ್ತು, ಜಗ್ಗಿ ಹಿಡೀತಿತ್ತು. ನಾ ಇನ್ನೊಂದ ಕಾಲ ಊರಾಕ ಹೋದ್ನಿ. "ಊರಬ್ಯಾಡ! ಮಲಗು!" ಅಂತ ಒದರಿದಾ. ನಾ ಉಪ್ಪಿನ ಮ್ಯಾಲ ಬೋರಲ ಬಿದ್ನಿ. ಅವ ಎರಡೂ ಬಗಲಾಗ ಕೈ ಹಾಕಿ ಎಳದಾ, ಅವನ ಎದಿ ನನ್ನ ಬೆನ್ನಿಗೆ ಉಜ್ಜಿತು. ಕಾಲ ಬಂತು, ಚಪ್ಪಲ ಬರಲಿಲ್ಲ. ತನ್ನದೊಂದ ಚಪ್ಪಲ ನನ್ನ ಕಾಲಿಗೆ ಹಾಕಿದಾ. ಅಲ್ಲಿಂದ ಇಬ್ಬರೂ ಕುಂಟಕೋತ.

ನಾಲಿಗಿ ಅಂಗುಳಕ್ಕ ಹತ್ತಿತ್ತು. ಮಾತ ನಿಂತಿದ್ವು. ಅವ ಮತ್ತ ಗಕ್ಕನ ನಿಂತಾಗ ನಾ ಅವನ ಬೆನ್ನಿಗೆ ಡಿಕ್ಕಿ ಹೊಡದ್ನಿ.

"ಬಾಯ್ಮಂದಿ ಬರಾಕತ್ತಾರ," ಅಂದಾ, ದನಿ ಸತ್ತಿತ್ತು.

ಉಪ್ಪ ತಗಿಯೂ ಹೆಣ್ಣಮಕ್ಕಳು. ಒಡ್ಡಿನ ಮ್ಯಾಲ ಸಾಲಾಗಿ ನಮ್ಮ ಕಡೆನ ಬರಾಕತ್ತಿದ್ರಂತ. ಅಡಗಾಕ ಒಂದ ಗಿಡಾ ಇಲ್ಲ, ಒಂದ ಕಲ್ಲಿಲ್ಲ. ಅಣ್ಣ ಬಟ್ಟಿ ಗಂಟ ಮುಂದ ಹಿಡ್ಕೊಂಡಾ, ನಾ ಅವನ ಹಿಂದ ಮುದುಡಿದ್ನಿ.

ಬಳಿ ಸಪ್ಪಳಾ ನಿಂತಿತು. ಒಬ್ಬ ಮುದುಕಿ ದನಿ, ಕುರುಡ ಏನ ಅಂತ. "ಅಂಧಾ ಹೈ ಕ್ಯಾ?"

"ನಹೀ ಬಾಯೀ," ಅಂದಾ ಅಣ್ಣ. ಹಿಂದಿಯಾಗ ಕಣ್ಣಿಗೆ ಏನಂತಾರ ಅವಂಗ ಆ ಹೊತ್ತಿಗೆ ನೆನಪಾಗಲಿಲ್ಲ, ಮರಾಠಿ ಬಂತು. "ಪಾಣೀ ಗಯಾ, ಡೋಳೆ ಮೇ. ಡೋಳೆ!"

"ಕ್ಯಾ ಡೋಲೇ?" ಏನ ಅಳ್ಳಾಡ್ತು ಅಂತ ಮುದುಕಿ.

ಹಿಂದಿನ ಪೋರಿಗಳು ನಕ್ಕದ್ದು ಕೇಳಿಸ್ತು. ಮುದುಕಿ ಅವರಿಗೆ ಏನೋ ಗದರಿದ್ಲು. ನಂತರ ನೆಲದ ಮ್ಯಾಲ ಮಣ್ಣಿನ ಕೊಡ ಇಟ್ಟ ಸಪ್ಪಳ, ಹೆಜ್ಜಿ ಹಿಂದ ಸರದ ಸಪ್ಪಳ, ಆಮ್ಯಾಲ ಏನೂ ಇಲ್ಲ.

ಅಣ್ಣ ಕೊಡಾ ಬಗ್ಗಿಸಿ ನನ್ನ ಬೊಗಸಿಗೆ ಹಾಕಿದಾ. ಕುಡದ್ನಿ. ಎಂಥಾ ನೀರ ಅದು, ಮಣ್ಣ ವಾಸನಿ, ತಣ್ಣಗ. ಮುಖಾ ತೊಳದ್ನಿ, ರೆಪ್ಪಿ ಹಿಗ್ಗಿಸಿ ಇನ್ನೊಮ್ಮೆ ತೊಳದ್ನಿ. ಬಿಳಿ ಉರಿಯೊಳಗ ಕೆಂಪ ಏನೋ ಅಳ್ಳಾಡ್ತು. ಕೆಂಪ ಓಢಣಿ. ಆ ಹೆಣ್ಣಮಕ್ಕಳು ಎಲ್ಲಾರೂ ಸಾಲಾಗಿ ನಮಗ ಬೆನ್ನ ಮಾಡಿ ನಿಂತಿದ್ರು, ನಾವು ಕುಡಿಯೂ ತನಕ ಆ ಕಡೆ ಮುಖಾ ಮಾಡಿ. ಅವರಿಗೆ ಇದು ರೂಢಿ ಇದ್ದಂಗ ಇತ್ತು.

ನನ್ನ ಕಣ್ಣ ಹೋಗಿದ್ದಿಲ್ಲ. ಕುಣಿಯೂವಷ್ಟ ಖುಷಿ ಆತು, "ಅಣ್ಣಾ" ಅನ್ನಾಕ ಬಾಯಿ ತಗದ್ನಿ. ಮುಂದ ಅವ ಕೊಡಾ ನೆಟ್ಟಗ ಇಡಾಕ ಬಗ್ಗಿದ್ದಾ. ಅವನ ಬೆನ್ನ ಕಂಡಿತು, ಮಂಜ ಮಂಜಾಗಿ.

ಬಾಯಿ ಮುಚ್ಚಿದ್ನಿ. ಹೇಳಿದ್ರ ಆ ಉಪ್ಪಿನ ಅಂಗಿ ಮತ್ತ ಆ ಬೆನ್ನ ಮ್ಯಾಲ ಹೋಗ್ತಿತ್ತು.

ಅಲ್ಲಿಂದ ನಾ ಕುರುಡನಂಗ ನಡದ್ನಿ. ಅವ "ಕಲ್ಲ ಐತಿ" ಅಂದ್ರ ಕಾಲ ಎತ್ತೂದು, "ಎಡಕ್ಕ" ಅಂದ್ರ ಎಡಕ್ಕ. ಕೊಡಾ ಕೊಟ್ಟ ಹೆಣ್ಣಮಕ್ಕಳು ಬೆನ್ನ ತಿರುವಿದ್ರು, ನಾ ಅವನ ಬೆನ್ನಿಗೇ ಕಣ್ಣ ಇಟ್ಟ ನಡ್ಯಾಕತ್ತೇನಿ, ಅದು ನಂಗ ಸರಿ ಅನಸ್ತಿದ್ದಿಲ್ಲ. ಕಣ್ಣ ಮುಚ್ಕೋತಿದ್ನಿ. ಆದ್ರ ಮುಚ್ಚಿದ್ರ ಕೆಸರಿನ ಅಂಜಿಕಿ, ಮತ್ತ ತಗೀತಿದ್ನಿ. ಗುಡ್ಡ ಹತ್ರ ಆಗಾಕತ್ತಿತು. ಮಂದಿ ದನಿ ಕೇಳಾಕ ಹತ್ತಿತು. ಈಗ ಹಾಕ್ಕೋತಾನ, ಈಗ ಗಂಟ ಬಿಚ್ಚತಾನ ಅಂತ ನಾ ಕಾಯಕೋತ ನಡದ್ನಿ.

ಅವ ನಿಂತಾ. ತಿರಗಲಿಲ್ಲ.

"ಆಗಿನ ಕಲ್ಲ ನಾ ಹೇಳಲಿಲ್ಲ. ನೀ ದಾಟಿದಿ."

ನಾ ಕಣ್ಣ ಮುಚ್ಕೊಂಡ್ನಿ, ತಡಾ ಆಗಿತ್ತು.

"ಯಾವಾಗಿಂದ ಕಾಣಾಕತ್ತೇತಿ?"

"ಕೊಡಾ ಕೊಟ್ಟಾಗಿಂದ."

"ಅವ್ವನ ಆಣಿ ಹಾಕಿದ್ದಿ."

"ಆಣಿ ಹಾಕಿದಾಗ ಖರೇನ ಕಾಣ್ತಿದ್ದಿಲ್ಲ ಅಣ್ಣಾ."

ಗಂಟ ತಲಿಮ್ಯಾಲಿಂದ ಇಳಿಸಿದಾ. ಅಂಗಿ ಹೊರಗ ತಗದಾ. ಅದು ಉಪ್ಪಿಗೆ ಹಲಗಿಯಂಗ ಆಗಿತ್ತು, ಮಡಚಿದ್ರ ಬೆಳ್ಳಗ ಪುಡಿ ಉದುರ್ತಿತ್ತು. ತೋಳಿನಾಗ ಒಂದ ಕೈ ತುರಕಿದಾ. ಬ್ಯಾಡ ಅಂದ್ರ ಇನ್ನೂ ಹಟಾ ಮಾಡ್ತಾನ, ಗೊತ್ತಿತ್ತು. ತುರಕಿದ ಕೈ ಹಂಗ ಬಿಟ್ಟು ಕೇಳಿದಾ.

"ಹಿಂದ ಹೆಂಗ ಐತಿ?"

"ಏನ?"

"ಬೆನ್ನ. ನಾ ನೋಡೇ ಇಲ್ಲ. ಕನ್ನಡ್ಯಾಗ ನೋಡಾಕ ಧೈರ್ಯಾ ಆಗಿಲ್ಲ."

ಹೇಳೂದೋ ಬಿಡೂದೋ ಅಂತ ಒಂದ ಗಳಿಗಿ ಅಂಜಿದ್ನಿ. ಆಮ್ಯಾಲ ಇದ್ದದ್ದ ಇದ್ದಂಗ ಹೇಳಿದ್ನಿ. "ಹೆಗಲಿನ ಕೆಳಗ ಎರಡೂ ಕಡೆ ಭಾಳ ಐತಿ, ಒಂದಕ್ಕೊಂದ ಕೂಡ್ಯಾವ. ನಡುವ ಒಡದೈತಿ, ರಕ್ತ ಬಂದೈತಿ. ಕೆಳಗ ಸೊಂಟದ ಮ್ಯಾಲ ಕಮ್ಮಿ. ಬಲಕ್ಕ ಒಂದ ಅಂಗೈಯಷ್ಟ ಜಾಗಾ ಏನೂ ಇಲ್ಲ, ನೆಟ್ಟಗ ಐತಿ."

"ಸುಳ್ಳ."

"ಮುಟ್ಟಿ ತೋರಿಸ್ಲೇನ?"

ಅವ ಬ್ಯಾಡ ಅನಲಿಲ್ಲ. ಆ ಜಾಗಾದ ಮ್ಯಾಲ ಅಂಗೈ ಇಟ್ನಿ. ಅವ ತಾನೂ ಕೈ ಹಿಂದ ತಂದು, ಡೊಂಕ ಬಳ್ಳಲೆ, ನನ್ನ ಕೈ ಸುತ್ತ ತಡವಿ ನೋಡಿದಾ.

"ಇಷ್ಟನ?"

"ಇಷ್ಟ."

"ನಾ ಮಾಂಸ ಕೊಳತೈತಿ ಅಂತ ತಿಳಕೊಂಡಿದ್ನಿ," ಅಂದಾ. ಅಂಗಿ ತೋಳಿನಾಗಿನ ಕೈ ಹೊರಗ ತಗದಾ. ಹಾಕ್ಕೊಳ್ಳಲಿಲ್ಲ, ಒಗೀಲೂ ಇಲ್ಲ, ಮುಂದ ಹಿಡ್ಕೊಂಡು ನಡದಾ.

ಟಾಕಿ ಹತ್ರ ಒಬ್ಬ ಮುದುಕ ಕುಂತಿದ್ದಾ. ತಲಿಮ್ಯಾಲ ದೊಡ್ಡ ಕೆಂಪ ಪಟಗಾ, ಅದರ ಹೊರತ ಮೈಮ್ಯಾಲ ಏನೂ ಇಲ್ಲ. ಅವನ ಮೈ ಅಣ್ಣಗಿಂತ ಕೆಟ್ಟಿತ್ತು. ಅಣ್ಣನ್ನ ಮ್ಯಾಲಿಂದ ಕೆಳಗ ನೋಡಿದಾ, ರೈಲಿನಾಗ ಜಾಗಾ ಕೇಳಾವ್ರನ್ನ ನೋಡಿದಂಗ, ಆಮ್ಯಾಲ ಸರದು ಕುಂತಾ. ನನ್ನ ಕಣ್ಣ ನೋಡಿ ತಂಬಗಿ ಕೊಟ್ಟಾ. ಎಲ್ಲಿಯವ್ರು ಅಂತ ಕೇಳಿದಾ.

"ಸಾಂಗ್ಲಿ, ಮಿರಜ," ಅಂದಾ ಅಣ್ಣ.

ಅವಂಗ ತಿಳೀಲಿಲ್ಲ.

"ಹಳದ. ಹಳದೀ. ಸಾಂಗ್ಲೀ ಕೀ ಹಳದೀ."

"ಅಚ್ಛಾ, ಹಲ್ದೀ!" ಮುದುಕ ನಕ್ಕಾ. "ತೋ ಹಲ್ದೀ ಲಗಾನೀ ಥೀ, ಇತ್ನೀ ದೂರ ಕ್ಯೂ ಆಯೇ?" ಹಂಗಾದ್ರ ಅರಿಷಿಣಾನ ಹಚ್ಕೋಬೇಕಿತ್ತು, ಇಷ್ಟ ದೂರ ಯಾಕ ಬಂದ್ರಿ ಅಂತ.

"ಅದೂ ಹಚ್ಚಿ ಆಗೇತಿ ಮಾರಾಯಾ," ಅಂದಾ ಅಣ್ಣ, ಕನ್ನಡದಾಗನ. ಮುದುಕಗ ತಿಳೀತೋ ಏನೋ, ಮತ್ತ ನಕ್ಕಾ, ಕೆರಿ ಕಡೆ ಕೈ ಮಾಡಿದಾ.

ಅಂಗೀನ ಟಾಕಿ ಕಟ್ಟಿಮ್ಯಾಲ ಇಟ್ಟು ಅಣ್ಣ ದಂಡಿಗೆ ಹೋದಾ. ಅಲ್ಲಿ ಮಂದಿ ಇದ್ರು, ಒಬ್ಬಿಬ್ರು ತಲಿ ಎತ್ತಿ ನೋಡಿದ್ರು. ಅವ ಬಗ್ಗಲಿಲ್ಲ, ಬೊಗಸಿ ತುಂಬಲಿಲ್ಲ. ನೆಟ್ಟಗ ನಿಂತು, ಎರಡೂ ಕೈ ಜೋಡಿಸಿ ಒಮ್ಮೆ ನೀರಿಗೆ ಮುಗದಾ, ಹಿಮ್ಮಡ ಮುಂದ ಮಾಡಿ ಹಿಂದ್ಹಿಂದ ಇಳದಾ, ಮುಖಾ ನಮ್ಮ ಕಡೆ ಇರೂಹಂಗ. ನೀರ ಸೊಂಟಕ್ಕ ಬಂತು. ಅಲ್ಲಿ ಉರಿ ಹತ್ತಿತು. ಅಂಥಾ ಬೈಗಳಾ ನಾ ಯಾರ್ಡಿನಾಗನೂ ಕೇಳಿಲ್ಲ. ಕೆರೀಗೆ ಬೈದಾ, ಡ್ರೈವರಗ ಬೈದಾ, ಡಾಕ್ಟರಗ ಬೈದಾ, ನನ್ನ ಹತ್ತನೇತ್ತಾಕ್ಕ ಬೈದಾ. ಒಂದ ಹೆಜ್ಜಿ ದಂಡಿ ಕಡೆ ಇಟ್ಟಾ. ನಾ ಕಟ್ಟಿ ಗಟ್ಟಿ ಹಿಡದು ನಿಂತಿದ್ನಿ. ಈ ಉರಿಗೆ ಯಾರರೆ ಹೊರಗ ಬಂದ್ರ ಬೈಯಾಕ ಬರೂದಿಲ್ಲ.

"ಹಾಥ ಛೋಡೋ!" ಅಂತ ಮುದುಕ ಒದರಿದಾ. "ಲೇಟ ಜಾಓ!" ಕೈ ಬಿಡು, ಮಲಗು ಅಂತ.

ಅಣ್ಣ ಹಿಂದ ವಾಲಿದಾ. ನೀರ ಅವನ್ನ ಎತ್ತಿತು. ಸೆಳವಿನಾಗ ಈಸಿದ ಮನಷ್ಯಾ, ಕಾಲ ಕೆಳಗ ಒತ್ತಾಕ ನೋಡಿದಾ, ಒತ್ತಿದಷ್ಟೂ ಮ್ಯಾಲ ಬರಾಕ ಹತ್ತಿದ್ವು. ಅವನ ಮುಖದಾಗ ಅಂಜಿಕಿ ಕಂಡಿತು. ಮೊದಲನೇ ಸಲ ನಾ ಅವನ್ನ ನೀರಾಗ ಅಂಜಿದ್ದು ನೋಡಿದ್ದು.

"ಏ ತಮ್ಮಾ!"

"ಏನಣ್ಣಾ?"

"ಎಲ್ಲಿ ನೋಡಾಕತ್ತಿ?"

ನಾ ನಾಚಿ ಆ ಕಡೆ ಗುಡ್ಡ ನೋಡಾಕತ್ತಿದ್ನಿ. ಕಣ್ಣನೂ ಇನ್ನೂ ಉರೀತಿದ್ವು, ಬಿಸಲಿಗೆ ತಾವ ಮುಚ್ಚತಿದ್ವು.

"ಈ ಕಡೆ ನೋಡೋ! ನಂಗಿಲ್ಲಿ ಕಾಲ ಊರಾಕ ಬರವಲ್ದು. ಬೋರಲ ಆದ್ನಿ ಅಂದ್ರ ನಿನ್ನಂಗ ಆಗತೈತಿ. ದಂಡಿಗೆ ಬಂದು ಕೂಡ. ನನ್ನ ಮ್ಯಾಲ ಕಣ್ಣ ಇಡ."

ದಂಡಿಗೆ ಹೋಗಿ ಉಪ್ಪಿನ ಮ್ಯಾಲ ಕುಂತ್ನಿ. ರೆಪ್ಪಿ ಬಳ್ಳಲೆ ಹಿಗ್ಗಿಸಿ ಹಿಡ್ಕೊಂಡು ಅವನ್ನ ನೋಡಿದ್ನಿ, ಎದಿ, ಹೊಟ್ಟಿ, ತೊಡಿ, ಎಲ್ಲಾ ಬಿಸಲಿಗೆ ತಗದು ಅಂಗಾತ ಮಲಗಿದ್ದಾ.

"ನೋಡಾಕತ್ತಿಯೋ ಇಲ್ಲೋ?"

"ನೋಡಾಕತ್ತೇನಿ."

"ರೆಪ್ಪಿ ಬಡದ್ರ ಒದೀತೇನಿ," ಅಂದಾ.